ಒಂಬತ್ತನೆಯ ಮೆಣಸು

ಸರಕು ಹರಾಜಾಗುವ ಏಲಂಕಟ್ಟೆಯಲ್ಲಿ ಹೆಣ್ಣಿನ ಕೂಗಿಗೆ ಯಾರೂ ಕಿವಿಗೊಡದ ಕಾಲವೊಂದಿತ್ತು. ಆ ಕಾಲದಲ್ಲಿ ಮೂಡುಬಿದಿರೆಯ ಅನಂತಮತಿಯವರು ಇಡೀ ಹಂಗಾಮು ವ್ಯಾಪಾರಿಗಳ ನಗೆಯನ್ನು ನುಂಗಿಕೊಂಡು ಮುಂದಿನ ಸಾಲಿನಲ್ಲೇ ನಿಂತು, ಕೊನೆಗೊಂದು ದಿನ ಕಟ್ಟೆಯ ಮೇಲಿದ್ದ ಕಾಳುಮೆಣಸನ್ನೆಲ್ಲ ತಮ್ಮ ಕೂಗಿನಲ್ಲೇ ಕೊಂಡು ಲಾರಿಗೆ ತುಂಬಿಸಿದ್ದರು.

ಅಂಥವರನ್ನು ಮೊಮ್ಮಗ ಶ್ರೇಯಾಂಸ್ ಈಗ ಇಸ್ಪೀಟಿನ ಮೇಜಿನಿಂದ ಎಬ್ಬಿಸಲು ಹೊರಟಿದ್ದ.

"ಇದು ಬೊಬ್ಬೆಯ ಆಟ ಅಜ್ಜಿ, ನಿಮ್ಮಿಂದ ಆಗುದಿಲ್ಲ. ಈ ಸಲ ಸೋತರೆ ನಾಳೆಯಿಂದ ನೀವು ಬರೀ ಅಂಪೈರ್, ಆಯ್ತಾ?"

"ಮೊದಲು ಸೋಲಿಸು ಮಾರಾಯ. ಎಲೆ ಹಂಚು."

ಸರಕು ವಿನಿಮಯದ ಆಟವದು. ಎಲೆಗಳಲ್ಲಿದ್ದ ಪರದೇಶದ ಗೋಧಿ, ಬಾರ್ಲಿ ಹೆಸರುಗಳ ಮೇಲೆ ಮೊಮ್ಮಗಳು ಅನಿಷಾ ಮೆಣಸು, ಗೇರುಬೀಜ, ರಬ್ಬರ್ ಎಂದು ಚೀಟಿ ಅಂಟಿಸಿದ್ದಳು. ಎಷ್ಟು ಎಲೆ ಕೊಡುತ್ತೇವೆಂದು ಎಲ್ಲರೂ ಒಟ್ಟಿಗೇ ಕೂಗಬೇಕು. ಅಷ್ಟೇ ಎಲೆ ಕೊಡಲು ಒಪ್ಪಿದವರೊಡನೆ, ಸರಕು ಯಾವುದೆಂದು ತೋರಿಸದೆ, ಅದಲುಬದಲು ಮಾಡಬೇಕು. ಒಂದೇ ಸರಕಿನ ಒಂಬತ್ತು ಎಲೆ ಕೂಡಿಸಿದವರು ಮೇಜು ಬಡಿದರೆ ಗೆದ್ದಂತೆ. ನಡುವೆ ಎದ್ದರೆ ಸೋತಂತೆ.

"ಎರಡು! ಎರಡು!" "ಒಂದು! ಇಲ್ಲಿ ಒಂದು!"

ಅಜ್ಜಿಯ ಕೈಯಲ್ಲಿ ಎಂಟು ಮೆಣಸು ಕೂಡಿತು. ಒಂಬತ್ತನೆಯದು ಶ್ರೇಯಾಂಸನಲ್ಲಿತ್ತು. ಅಜ್ಜಿ ಈಗ ಬರೀ ಒಂದೇ ಎಲೆಗೆ ಕೂಗುವುದನ್ನು ಕೇಳಿ ಅವನು ತಟ್ಟನೆ ತನ್ನ ಕೂಗು ನಿಲ್ಲಿಸಿ, ಎಲೆಗಳನ್ನು ಎದೆಗೊತ್ತಿಕೊಂಡು ಕಿಟಕಿಯತ್ತ ನೋಡಿದ. ಸೂರ್ಯಾಸ್ತದ ಮೊದಲೇ ಉಣ್ಣುವ ಜೈನರ ಮನೆಯದು; ಆ ನೇಮವನ್ನು ಅಜ್ಜಿ ಒಮ್ಮೆಯೂ ತಪ್ಪಿದವರಲ್ಲ.

ಒಳಗಿನಿಂದ ಸೊಸೆ ಸಾಧನಾ ಕರೆದಳು. "ಅತ್ತೆ, ಹೊತ್ತು ಮುಳುಗ್ತದೆ! ಊಟಕ್ಕೆ ಬನ್ನಿ."

"ಏಳಿ ಅಜ್ಜಿ," ಎಂದು ಶ್ರೇಯಾಂಸ್ ನಕ್ಕ.

ಹುಡುಗನ ಹೂಟ ಅವರಿಗೆ ತಿಳಿಯಿತು. ಕುರ್ಚಿಯನ್ನು ಮೇಜಿಗೆ ಇನ್ನಷ್ಟು ಹತ್ತಿರ ಎಳೆದುಕೊಂಡರು.

"ಸಾಧನಾ, ನನಗಿವತ್ತು ಉಪವಾಸ. ಇವನಿಗೂ ಬಡಿಸಬೇಡ, ಆಟದಲ್ಲಿದ್ದಾನೆ."

ಶ್ರೇಯಾಂಸನ ನಗು ಇಳಿಯಿತು. ಸೂರ್ಯ ಮುಳುಗಿದ ಮೇಲೆ ಆ ಮನೆಯಲ್ಲಿ ಯಾರಿಗೂ ತಟ್ಟೆ ಇಡುವುದಿಲ್ಲ. ಒಳಗಿನಿಂದ ನೀರುದೋಸೆಯ ಪರಿಮಳ ಬಂತು. ಕಿಟಕಿಯ ಬೆಳಕು ಕೆಂಪಾಯಿತು. ಅಜ್ಜಿ ಕಣ್ಣು ಮಿಟುಕಿಸಲಿಲ್ಲ.

"ಒಂದು!" ಎಂದು ಅವನು ಕೊನೆಗೂ ಸೋತ ದನಿಯಲ್ಲಿ ಎಲೆ ಚಾಚಿದ.

"ಒಂದು!" ಅಜ್ಜಿಯ ಕೂಗು ಅಂಗಳ ದಾಟಿತು. ಎಲೆ ಕೈಗೆ ಬಂದದ್ದೇ ಮೇಜು ಅದುರಿತು.

ಶ್ರೇಯಾಂಸ್ ಅಡುಗೆಮನೆಗೆ ಓಡಿದ. ಸಾಧನಾ ಬಾಗಿಲಿಗೆ ಬಂದಳು. "ಇನ್ನೂ ಬೆಳಕು ಉಂಟು ಅತ್ತೆ. ಒಂದು ದೋಸೆಯಾದರೂ..."

"ಉಪವಾಸ ಅಂದ ಮೇಲೆ ಉಪವಾಸ. ನಾಳೆಗೂ ಈ ಕುರ್ಚಿ ನನ್ನದೇ."

ಅನಿಷಾ ತಟ್ಟೆಯನ್ನು ಅಲ್ಲಿಗೇ ತಂದು ಅವರ ಪಕ್ಕ ಕುಳಿತಳು. ಬಾಯಿ ತುಂಬ ದೋಸೆ.

"ಅಜ್ಜಿ, ಆ ಏಲಂನ ಕತೆ ಇನ್ನೊಮ್ಮೆ ಹೇಳಿ."