ಸಕ್ಕರೆ ಕೋಡಿನ ಕಣ್ಣುಗಳು

ಆ ಫೈಲು ಮೂರನೇ ಸಲ ನನ್ನ ಮೇಜಿಗೆ ಬಂದಾಗಲೇ ಇದರಲ್ಲೇನೋ ಮಸಲತ್ತಿದೆ ಅನ್ನಿಸಿತು.

ನಮ್ಮ ಕೋಣೆ ಇರುವುದು ಆಸ್ಪತ್ರೆಯ ನೆಲಮಾಳಿಗೆಯಲ್ಲಿ. ಕಿಟಕಿ ಇಲ್ಲ. ಆರು ಜನ ಹೆಂಗಸರು ಬೆನ್ನಿಗೆ ಬೆನ್ನು ತಾಗಿಸಿಕೊಂಡು ಕೂರುತ್ತೇವೆ. ಡಾಕ್ಟರು ಬರೆದ ಕಾಯಿಲೆಗೆ ಪಟ್ಟಿ ನೋಡಿ ಅದರ ಗುರುತಿನ ಸಂಖ್ಯೆ, ಅಂದರೆ ಕೋಡು, ಹಾಕುವುದು ನಮ್ಮ ಕೆಲಸ. ಫೈಲಿಗೆ ಐದು ನಿಮಿಷ, ಮೀರಿದರೆ ಬೈಗುಳ. ರೋಗಿಯ ಮುಖ ನೋಡುವಂತಿಲ್ಲ.

ಈ ಫೈಲಿನವನು ಕಾರ್ಖಾನೆಯಲ್ಲಿ ಕಬ್ಬಿಣ ಉಜ್ಜುವವನು. ಚೂರು ಸಿಡಿದು ಎಡಗಣ್ಣಿನ ಅಕ್ಷಿಪಟ ಹರಿದಿತ್ತು. ಪೆಟ್ಟಿನ ಕೋಡು ಹಾಕಿದೆ. ವಾಪಸು ಬಂತು. ಮತ್ತೆ ಅದನ್ನೇ ಹಾಕಿದೆ. ಈಗ ಹೊಸ ಹಾಳೆಯೊಂದು ಸೇರಿಕೊಂಡಿತ್ತು: ರಕ್ತದಲ್ಲಿ ಸಕ್ಕರೆ ವಿಪರೀತ, ಕಣ್ಣು ಹಾಳಾದದ್ದು ಅದರಿಂದಲೇ.

"ಸಕ್ಕರೆ ಕೋಡ್ ಹಾಕಮ್ಮ, ಮುಗೀತು," ಎಂದ ಮೇಲ್ವಿಚಾರಕ.

"ಮೊದಲನೇ ರಿಪೋರ್ಟಲ್ಲಿ ಸಕ್ಕರೆ ಸರಿಯಾಗೇ ಇತ್ತಲ್ಲ ಸಾರ್?"

"ಎಲ್ಲದಕ್ಕೂ ಮೂಗು ತೂರಿಸಬೇಡ. ಈ ಆಸ್ಪತ್ರೆ ನಡೀತಿರೋದೇ ಆ ಕಾರ್ಖಾನೆಯವರಿಂದ."

ಅಲ್ಲಿಗೆ ಗುಟ್ಟು ರಟ್ಟಾಯಿತು. ಪೆಟ್ಟಾದರೆ ಕಾರ್ಖಾನೆ ಹೊಣೆ, ಅವನನ್ನು ಕೆಲಸದಿಂದ ತೆಗೆಯುವಂತಿಲ್ಲ. ಸಕ್ಕರೆಯಾದರೆ ಅವನ ಸ್ವಂತ ಕಾಯಿಲೆ, ಮನೆಗೆ ನಡೆ.

ಊಟದ ಬಿಡುವಿನಲ್ಲಿ ವಾರ್ಡಿಗೆ ಹೋದೆ. ಆಪರೇಷನ್ ಆದ ಮೇಲೆ ಮುಖ ಕೆಳಗೆ ಹಾಕಿಯೇ ಇರಬೇಕಂತೆ. ಅವನು ದಿಂಬಿಗೆ ಹಣೆ ಊರಿ ಕೂತಿದ್ದ. ಪಕ್ಕದಲ್ಲಿ ಹೆಂಡತಿ.

"ನಿನಗೆ ಸಕ್ಕರೆ ಕಾಯಿಲೆ ಇದೆಯೇನಪ್ಪಾ?"

ಹೆಂಡತಿ ಉರಿದುಬಿದ್ದಳು. "ಯಾವ ಬಾಯಿ ಹಾಗಂದಿದ್ದು? ಟೀಗೆ ನಾಲ್ಕು ಚಮಚ ಹಾಕ್ಕೊಂಡು ಕುಡಿಯೋ ಮನುಷ್ಯ ಇವರು!"

"ರಕ್ತ ಎರಡು ಸಲ ತಗೊಂಡ್ರಾ?"

"ಒಂದೇ ಸಲ. ಬಂದ ದಿನ."

ಅವನು ತಲೆ ಎತ್ತದೆ ಹೇಳಿದ: "ಆ ಮಿಷನ್ ಮೇಲೆ ನನಗಿಂತ ಮುಂಚೆ ಇದ್ದವನಿಗೂ ಕಣ್ಣು ಹೋಯ್ತು ಅಕ್ಕಾ. ಸಕ್ಕರೆ ಅಂತ ಬರೆದು ಕಳಿಸಿದ್ರು. ಅವನಿಗಿಂತ ಮುಂಚಿನವನಿಗೂ ಅದೇ. ಆ ಮಿಷನ್ನಿಗೇ ಸಕ್ಕರೆ ಕಾಯಿಲೆ ಇರಬೇಕು."

ನನಗೆ ನಗು ಬರಲಿಲ್ಲ. ಕೆಳಗೆ ಬಂದು ಕಂಪ್ಯೂಟರಿನಲ್ಲಿ ಆ ಕಾರ್ಖಾನೆಯ ಹೆಸರು ಹಾಕಿ ಹುಡುಕಿದೆ. ಎರಡು ವರ್ಷದಲ್ಲಿ ಕಣ್ಣು ಹೋದವರು ಒಂಬತ್ತು ಜನ, ಒಂಬತ್ತೂ ಜನರಿಗೆ ಸಕ್ಕರೆ. ಪ್ರತಿ ಸಾಲಿನ ಕೊನೆಗೆ ಕೋಡು ಹಾಕಿದವರ ನಂಬರು ಇರುತ್ತದೆ. ಆರು ಕಡೆ ನನ್ನದೇ. ಥೂ, ಒಂದು ದಿನವಾದರೂ ಅನುಮಾನ ಬರಬಾರದಿತ್ತೇ ನನಗೆ?

"ಇಲ್ಲಿ ಬನ್ರೇ," ಎಂದು ಎಲ್ಲರನ್ನೂ ಕರೆದು ತೋರಿಸಿದೆ. ಪಕ್ಕದ ಕುರ್ಚಿಯವಳು ಬಾಯಿಗೆ ಸೆರಗು ಒತ್ತಿಕೊಂಡಳು.

ವಾರ್ಡಿನಲ್ಲಿದ್ದವನ ಮೊದಲನೇ ರಕ್ತದ ರಿಪೋರ್ಟು ಕಂಪ್ಯೂಟರಿನಲ್ಲಿ ಹಾಗೇ ಇತ್ತು, ಕಳ್ಳರಿಗೆ ಅಳಿಸಲು ಮರೆತುಹೋಗಿತ್ತು. ಪ್ರತಿ ತೆಗೆದು ಅವನ ಹೆಂಡತಿಯ ಕೈಗೆ ಕೊಟ್ಟುಬಂದೆ. ಬರುವಷ್ಟರಲ್ಲಿ ಮೇಲ್ವಿಚಾರಕ ಬಾಗಿಲಲ್ಲೇ ನಿಂತಿದ್ದ.

"ಏನು ಕೋಡ್ ಹಾಕಿದೆ?"

"ಪೆಟ್ಟಿಂದು ಸಾರ್. ಹಳೇ ಆರು ಸುಳ್ಳೂ ನಾನೇ ಬರೆದದ್ದು ಅಂತ ಎಲ್ಲಿ ಬೇಕಾದ್ರೂ ಹೇಳ್ತೀನಿ."

"ನಾಳೆಯಿಂದ ನಿನಗೆ ಕೆಲಸ ಇಲ್ಲ."

"ಉಳಿದ ಮೂರು ನಂದು ಸಾರ್," ಎಂದಳು ಪಕ್ಕದ ಕುರ್ಚಿಯವಳು. "ನನ್ನನ್ನೂ ತೆಗೀರಿ."

ಅವನು ಬಾಯಿ ತೆರೆಯುವಷ್ಟರಲ್ಲಿ ಮಿಕ್ಕ ನಾಲ್ವರೂ ತಂತಮ್ಮ ನಂಬರು ಹುಡುಕತೊಡಗಿದ್ದರು, ಬೇರೆ ಬೇರೆ ಕಾರ್ಖಾನೆಗಳ ಹೆಸರು ಹಾಕಿ.