ಸ್ಪೀಕರಿಗೆ ಹಾಕಿದ ಫೋನು

ಹತ್ತು ಗಂಟೆಗೆ ಬನ್ನಿ ಎಂದಿದ್ದ ಸುನೀಲ್ ಬಂದಾಗ ಹನ್ನೆರಡೂವರೆ. ಚಿಕ್ಕಬಳ್ಳಾಪುರದಲ್ಲಿ ಹೊಸದಾಗಿ ತೆರೆಯಲಿದ್ದ ಆಸ್ಪತ್ರೆಗೆ ಜನರನ್ನು ಆರಿಸುವ ಏಜೆನ್ಸಿಯವನು ಅವನು. ಜಬೀನ್ ಶಿಡ್ಲಘಟ್ಟದ ಸಣ್ಣ ಲ್ಯಾಬೊಂದರಲ್ಲಿ ಒಂಬತ್ತು ವರ್ಷದಿಂದ ಟೆಕ್ನಿಷಿಯನ್. ದಿನವೂ ಅದೇ ಶುಗರ್, ಅದೇ ಥೈರಾಯ್ಡ್. ದೊಡ್ಡ ಲ್ಯಾಬಿನ ಕೆಲಸ ಕಲಿಯಬೇಕೆಂಬ ಆಸೆ. ತಂಗಿಗೆ ಹುಷಾರಿಲ್ಲ ಎಂದು ಸುಳ್ಳು ಹೇಳಿ ರಜೆ ಹಾಕಿ ಈ ಇಂಟರ್‌ವ್ಯೂಗೆ ಬಂದಿದ್ದಳು.

ಸುನೀಲ್ ಅವಳ ಫೈಲನ್ನು ಬಿಚ್ಚಲೂ ಇಲ್ಲ.

"ನರ್ಸಾ?"

"ಅಲ್ಲ ಸಾರ್, ಲ್ಯಾಬ್ ಟೆಕ್ನಿಷಿಯನ್."

"ಮಕ್ಕಳೆಷ್ಟು? ಇನ್ನೊಂದು ಪ್ಲಾನ್ ಏನಾದ್ರೂ ಇದ್ಯಾ?"

ಅವಳು ಉತ್ತರ ಹುಡುಕುವಷ್ಟರಲ್ಲಿ ಅವನು ಯಾರಿಗೋ ಫೋನ್ ಮಾಡಿ ಬಿರಿಯಾನಿ ತರಲು ಹೇಳಿದ. ಆಮೇಲೆ ಅರ್ಜಿಯಲ್ಲಿದ್ದ ಅವಳ ಲ್ಯಾಬಿನ ನಂಬರು ಒತ್ತತೊಡಗಿದ.

"ಸಾರ್, ಬೇಡಿ. ನಾನಿಲ್ಲಿ ಬಂದಿರೋದು ಅಲ್ಲಿ ಗೊತ್ತಿಲ್ಲ. ಫೋನ್ ಮಾಡ್ಬೇಡಿ ಅಂತ ಫಾರಂನಲ್ಲೇ ಬರ್ದಿದೀನಿ."

"ಒಂದ್ನಿಮಿಷ ಇರಮ್ಮ." ಸ್ಪೀಕರಿಗೆ ಹಾಕಿದ.

ಲ್ಯಾಬಿನ ಒಡತಿ ಶ್ಯಾಮಲಮ್ಮನ ದನಿ ಕೇಳಿಸಿತು.

"ನಿಮ್ಮ ಜಬೀನ್ ಇಲ್ಲಿ ಇಂಟರ್‌ವ್ಯೂಗೆ ಬಂದಿದಾರೆ. ಕೆಲ್ಸ ಹೆಂಗೆ?"

"ಚೆನ್ನಾಗಿ ಮಾಡ್ತಾಳೆ," ಎಂದಷ್ಟೇ ಹೇಳಿ ಶ್ಯಾಮಲಮ್ಮ ಫೋನಿಟ್ಟರು.

"ಸರಿ. ಲ್ಯಾಬ್ ಪೋಸ್ಟು ಹೋದ ವಾರಾನೇ ತುಂಬೋಯ್ತು," ಎಂದ ಸುನೀಲ್. "ಇನ್ನೊಂದು ಬಂದ್ರೆ ನೋಡಣ."

"ಮತ್ತೆ ಅವರಿಗ್ಯಾಕೆ ಫೋನ್ ಮಾಡಿದ್ರಿ?"

"ಅದೆಲ್ಲ ಪ್ರೊಸೀಜರ್."

ಜಬೀನ್ ಎದ್ದು ತನ್ನ ಫೈಲನ್ನೂ, ಅವನ ಮೊಣಕೈ ಕೆಳಗಿದ್ದ ಅರ್ಜಿಯನ್ನೂ ಎಳೆದುಕೊಂಡು ಹೊರಬಂದಳು.

ಬಸ್ಸಿನಲ್ಲಿ ಶ್ಯಾಮಲಮ್ಮನಿಗೆ ನಾಲ್ಕು ಸಲ ಮೆಸೇಜು ಬರೆದು ಅಳಿಸಿದಳು. ಕೆಲಸ ಹೋಗಿದ್ದರೆ ಮನೆಯಲ್ಲಿ ಏನು ಹೇಳುವುದು? ಅವರಾಗಿಯೇ ಫೋನ್ ಮಾಡಿ ಬೈದರೂ ಸಾಕು ಎನ್ನಿಸುತ್ತಿತ್ತು. ಫೋನ್ ಬರಲಿಲ್ಲ. ಶಿಡ್ಲಘಟ್ಟದಲ್ಲಿ ಇಳಿದವಳು ಮನೆಗೆ ಹೋಗದೆ ನೇರ ಲ್ಯಾಬಿಗೆ ನಡೆದಳು.

ಶ್ಯಾಮಲಮ್ಮ ರಿಪೋರ್ಟಿಗೆ ಸಹಿ ಹಾಕುತ್ತಿದ್ದರು. "ತಂಗಿ ಹೆಂಗಿದಾಳೆ?"

"ಅವಳಿಗೇನೂ ಆಗಿಲ್ಲ ಮೇಡಂ." ನಡೆದದ್ದೆಲ್ಲ ಹೇಳಿದಳು.

"ಹೋಗೋದಾದ್ರೆ ಹೋಗಮ್ಮ, ಬೇಡ ಅಂತೀನಾ? ನಾನೇ ಲೆಟರ್ ಬರ್ಕೊಡ್ತಿದ್ದೆ. ಅವನ್ಯಾವನೋ ಹೇಳಿ ನಂಗೆ ಗೊತ್ತಾಗ್ಬೇಕಿತ್ತಾ?"

ಶ್ಯಾಮಲಮ್ಮ ಕೊನೆಯ ರಿಪೋರ್ಟಿಗೂ ಸಹಿ ಹಾಕಿ ಪೆನ್ನು ಮುಚ್ಚಿದರು.

"ನಾಳೆ ಬಾ. ಬಾಗಿಲು ಮಾತ್ರ ಇನ್ಮೇಲೆ ನಾನೇ ತೆಗೀತೀನಿ."

ಒಂಬತ್ತು ವರ್ಷದಿಂದ ಬೆಳಿಗ್ಗೆ ಬಾಗಿಲು ತೆಗೆಯುತ್ತಿದ್ದವಳು ಜಬೀನ್. ಬ್ಯಾಗಿನಿಂದ ಬೀಗದ ಕೈ ತೆಗೆದು ಮೇಜಿನ ಮೇಲಿಟ್ಟಳು. ಹೊರಗೆ ಮುದುಕರೊಬ್ಬರು ರಕ್ತ ಪರೀಕ್ಷೆಗೆ ಅಂಗಿಯ ತೋಳು ಮಡಚಿಕೊಂಡು ಕೂತಿದ್ದರು. ಅವಳು ಕೈ ತೊಳೆದುಕೊಂಡು ಅವರ ಕಡೆ ಹೋದಳು.