ಬಿರುಕಿನ ತುದಿ

ವೆಲ್ಡಿಂಗಿನ ಕಿಡಿಯೊಂದು ಹಾರಿ ಬಂದು ಅರ್ಜಿಯ ಅಂಚಿನ ಮೇಲೆ ಕೂತಿತು, ಕಾಗದದಲ್ಲಿ ಸಾಸಿವೆಯಷ್ಟು ತೂತು ಬಿಟ್ಟು ಆರಿಹೋಯಿತು — ಸುಡಲಿ, ಪೂರ್ತಿ ಸುಟ್ಟರೆ ಇನ್ನೂ ಒಳ್ಳೆಯದು, ಆದರೆ ಕೈ ತಾನಾಗಿಯೇ ಅದನ್ನೆತ್ತಿ ಕೊಡವಿ ಜೇಬಿಗೆ ಸೇರಿಸಿತು, ಕೈಗೆ ನನಗಿಂತ ಹೆಚ್ಚು ಆಸೆ ಇರಬೇಕು. ಐದಕ್ಕೆ ಕಾಲೇಜಿನಲ್ಲಿ ಅರ್ಜಿ ತೆಗೆದುಕೊಳ್ಳುವ ಕಿಟಕಿ ಮುಚ್ಚುತ್ತದೆ, ಇವತ್ತೇ ಕೊನೆ. ಹತ್ತನೇ ಕ್ಲಾಸನ್ನು ಶಾಲೆಗೆ ಹೋಗದೆ ಹೊರಗಿನಿಂದ ಕಟ್ಟಿ ಪಾಸು ಮಾಡಿದ್ದೇನೆ, ಎಲ್ಲ ಕಾಲಂ ತುಂಬಿದ್ದೇನೆ, ಹನ್ನೊಂದನೆಯದು ಮಾತ್ರ ಖಾಲಿ, ಓದು ನಡುವೆ ನಿಂತಿದ್ದರೆ ಕಾರಣ ತಿಳಿಸಿ. ತಿಳಿಸಬೇಕಂತೆ. ಐದು ವರ್ಷಕ್ಕೆ ನಾಲ್ಕು ಗೆರೆ ಜಾಗ ಬಿಟ್ಟಿದ್ದಾರೆ ಪುಣ್ಯಾತ್ಮರು. ಕಾಮಾಲೆ ಆಗಿತ್ತು ಅಂತ ಬರಿ ಮಗನೇ, ಅದು ಯಾರಿಗಾದ್ರೂ ಆಗುತ್ತೆ — ಅಮ್ಮ ಬೆಳಿಗ್ಗೆ ಬಾಗಿಲಿಗೆ ಅಡ್ಡ ನಿಂತು — ಐದು ವರ್ಷ ಕಾಮಾಲೆನಾ ಅಮ್ಮ, ಅಷ್ಟೊತ್ತಿಗೆ ನಾನು ನಿಂಬೆಹಣ್ಣೇ ಆಗಿಬಿಡ್ತಿದ್ದೆ — ನಗಬೇಡ, ಆಸ್ಪತ್ರೆ ಅಂದ್ರೆ ಯಾವ ಆಸ್ಪತ್ರೆ ಅಂತ ಕೇಳ್ತಾರೆ, ಆಮೇಲೆ ನಿನ್ನ ಪಕ್ಕ ಒಬ್ರೂ ಕೂರಲ್ಲ. ಅಕ್ಕನದು ಇನ್ನೊಂದು ರಾಗ, ಎಲ್ಲಾ ಬಿಡಿಸಿ ಬರಿಯೋ, ಅಪ್ಪ, ಸ್ಕೂಟರು, ರಕ್ತ, ಓದಿದೋರು ಅಳಬೇಕು, ಸೀಟು ತಾನಾಗೇ ಬರುತ್ತೆ. ಅಪ್ಪನನ್ನು ತಟ್ಟೆಯಲ್ಲಿಟ್ಟು ಕಿಟಕಿಯೊಳಗೆ ತಳ್ಳಲಾ ಅಕ್ಕಾ, ಮೊಹರು ಒತ್ತಿ ರಸೀದಿ ಕೊಡ್ತಾರಾ? ಅವಳ ಮುಖ ಸಣ್ಣದಾಯಿತು. ಈ ಅರ್ಜಿ ತಂದವಳೇ ಅವಳು, ನಲವತ್ತೊಂದು ದಿನ ವಾರ್ಡಿಗೆ ನಡೆದು ಬಂದವಳೂ ಅವಳೇ, ನನ್ನ ನಾಲಿಗೆಗೆ ಬೆಂಕಿ ಬೀಳಲಿ.

ಲೋ ಸಾಹೇಬ, ನಿನ್ನ ಮಗು ವಾಪಸ್ ಬಂದಿದೆ ನೋಡು — ಮೇಸ್ತ್ರಿ ಸಾಮಾನು ತಳ್ಳುವ ಗಾಡಿಯ ಚೌಕಟ್ಟನ್ನು ದಡಾರನೆ ನನ್ನ ಮುಂದೆ ಎಸೆದರು, ಹೋದ ವಾರ ನಾನೇ ವೆಲ್ಡ್ ಮಾಡಿ ನೀಲಿ ಬಣ್ಣ ಬಳಿದು ಕಳಿಸಿದ್ದು, ಮತ್ತೆ ಬಾಯಿ ಬಿಟ್ಟಿದೆ, ಬೆಸುಗೆ ಗಟ್ಟಿಯಾಗಿದೆ, ಅದರ ಮುಂದಿನ ಕಬ್ಬಿಣ ಸೀಳಿದೆ. ಕಣ್ಣಿಗೆ ಕಂಡಷ್ಟೇ ಬಿರುಕು ಅಂದ್ಕೊಂಡ್ಯಾ, ಬಣ್ಣ ಬಳಿದರೆ ಅದಕ್ಕೆ ನಾಚಿಕೆ ಆಗುತ್ತಾ, ತುದಿ ಹುಡುಕು ಮೊದಲು. ಗೊತ್ತು ಮೇಸ್ತ್ರಿ, ಗೊತ್ತಿದ್ದೂ ಅವಸರ. ಬಣ್ಣ ಕೆರೆದು ಸೀಮೆಎಣ್ಣೆ ಸವರುತ್ತೇನೆ, ಒಣಬಟ್ಟೆಯಲ್ಲಿ ಒರೆಸುತ್ತೇನೆ, ಚಾಕ್ ಪುಡಿ ಉದುರಿಸಿ ಕಾಯುತ್ತೇನೆ, ಒಳಗೆ ಇಳಿದ ಎಣ್ಣೆ ತಾನಾಗಿ ಮೇಲೆ ಬರುತ್ತದೆ, ಬಿಳಿಯ ಮೇಲೆ ಕಪ್ಪು ಕೂದಲೆಳೆ, ಹೋಗುತ್ತಿದೆ, ಇನ್ನೂ ಹೋಗುತ್ತಿದೆ — ನಿಧಾನ ಕಣೋ ಎಂದಿದ್ದರು ಅಪ್ಪ ಹಿಂದಿನ ಸೀಟಿನಿಂದ, ಅದೇ ಕೊನೆಯ ಮಾತು, ಓಡಿಸುತ್ತಿದ್ದವನು ನಾನು, ಲಾರಿಯ ಹಾರ್ನ್, ಆಮೇಲೆ ರಸ್ತೆಯಲ್ಲಿ ಒಂದೇ ಚಪ್ಪಲಿ — ಇನ್ನೂ ಹೋಗುತ್ತಿದೆ ಗೆರೆ, ಪರೀಕ್ಷೆಯ ಕೋಣೆಯ ಹೊರಗೆ ಯಾವುದೋ ಲಾರಿ ಕೂಗಿದ್ದೇ ತಡ ನಾನು ಬೆಂಚಿನ ಕೆಳಗೆ, ಎಲ್ಲರೂ ನಕ್ಕರು, ಎತ್ತಲು ಬಂದ ಮೇಷ್ಟ್ರಿಗೆ ಗುದ್ದಿದೆ, ನಿದ್ದೆ ಹೋಯಿತು, ಮಾತು ಹೋಯಿತು, ಆಮೇಲೆ ಆ ವಾರ್ಡು, ಡಾಕ್ಟರಮ್ಮ ಹೇಳಿದ್ದು, ಇದಕ್ಕೂ ಔಷಧಿ ಇದೆ ಕಣಪ್ಪಾ, ಟೈಮ್ ಹಿಡಿಯುತ್ತೆ, ತಿಂಗಳಿಗೊಂದು ಸಲ ಬರ್ತಾ ಇರು — ಇಲ್ಲಿ. ಇಲ್ಲಿಗೆ ನಿಂತಿತು. ಮುಂದೆ ಬಿಳಿ ಪುಡಿ, ಬರೀ ಬಿಳಿ. ಮೇಸ್ತ್ರಿ ಕಲಿಸಿದ್ದು, ತುದಿಯಿಂದ ಒಂದು ಕಾಳಿನಷ್ಟು ಆಚೆ ತೂತು ಹೊಡಿ, ಬಿರುಕು ಅಲ್ಲಿಗೆ ಬಂದು ದುಂಡಗಿನ ಗೋಡೆಗೆ ಬಡಿದು ಸುಮ್ಮನಾಗುತ್ತೆ, ಮುಂದಕ್ಕೆ ಓಡಲ್ಲ. ಗಟ್ಟಿ ಇರೋ ಕಬ್ಬಿಣಕ್ಕೆ ಯಾಕೆ ತೂತು ಅಂತ ಮೊದಲ ವರ್ಷ ಜಗಳವಾಡಿದ್ದೆ, ಮೇಸ್ತ್ರಿ ತಮ್ಮ ಬೆಂಚಿನ ಕಾಲು ತೋರಿಸಿದ್ದರು, ಅಲ್ಲೊಂದು ಹಳೆಯ ತೂತು, ನಿನಗಿಂತ ವಯಸ್ಸಲ್ಲಿ ದೊಡ್ಡದು ಅದು, ಇನ್ನೂ ಭಾರ ಹೊರ್ತಿದೆ.

ತೂತು ಹೊಡೆದು ಡ್ರಿಲ್ ಆರಿಸಿದೆ. ಪೆನ್ನು ಎಲ್ಲಿ? ಕೈಯ ಮಸಿ ಕಾಗದಕ್ಕೂ ಅಂಟಿತು, ಅಂಟಲಿ. ಅಪಘಾತದಲ್ಲಿ ಅಪ್ಪ ತೀರಿಕೊಂಡರು, ನನ್ನ ಮನಸ್ಸಿಗೆ ಕಾಯಿಲೆಯಾಗಿ ನಲವತ್ತೊಂದು ದಿನ ಆಸ್ಪತ್ರೆಯಲ್ಲಿದ್ದೆ. ಈಗಲೂ ತಿಂಗಳಿಗೊಮ್ಮೆ ಡಾಕ್ಟರನ್ನು ಕಾಣುತ್ತೇನೆ. ನಾಲ್ಕು ವರ್ಷದಿಂದ ವೆಲ್ಡಿಂಗ್ ಕೆಲಸ ಮಾಡುತ್ತಿದ್ದೇನೆ. ಕಬ್ಬಿಣ ಯಾಕೆ ಬಿರಿಯುತ್ತದೆ ಎಂದು ಓದಬೇಕು. ನಾಲ್ಕು ಗೆರೆ, ಮುಗಿಯಿತು. ಸ್ಕೂಟರನ್ನು ಯಾರು ಓಡಿಸುತ್ತಿದ್ದರು ಎಂಬುದು ಈ ಕಾಲಂನದ್ದಲ್ಲ, ಅದು ನನ್ನದು, ಡಾಕ್ಟರಮ್ಮನಿಗೆ ಗೊತ್ತು, ಸಾಕು. ಹೋಗು, ವೆಲ್ಡಿಂಗ್ ನಾನು ಮಾಡ್ತೀನಿ, ತುದಿ ಹುಡುಕಿದ್ಯಲ್ಲ, ಎಂದರು ಮೇಸ್ತ್ರಿ, ನನ್ನ ಮುಖ ನೋಡದೆ.

ನಾಲ್ಕು ಮುಕ್ಕಾಲು, ಕಿಟಕಿ, ನನ್ನ ಹಿಂದೆ ಒಬ್ಬರೂ ಇಲ್ಲ. ಇದೇನಪ್ಪಾ ಇಲ್ಲಿ ಸುಟ್ಟಿದೆ — ಕಿಡಿ ಬಿತ್ತು ಮೇಡಂ, ಕೆಲಸದ ಜಾಗ. ಕನ್ನಡಕದ ಹೆಂಗಸು, ಬೆರಳು ಇಳಿಯುತ್ತಿದೆ, ಎಂಟು, ಒಂಬತ್ತು, ಹನ್ನೊಂದರ ಮೇಲೆ ನಿಂತಿತು, ಏನಾದರೂ ಅನ್ನಲಿ, ಒಂದು ಮಾತು ಅನ್ನಲಿ, ನೋಡ್ಕೋತೀನಿ — ಅಷ್ಟರಲ್ಲಿ ಹೊರಗೆ ಲಾರಿ ಕೂಗಿತು, ಉದ್ದಕ್ಕೆ, ಕೈ ಕಿಟಕಿಯ ಕಟ್ಟೆ ಹಿಡಿಯಿತು, ಕೆಳಗೆ ಕೂರಲಿಲ್ಲ, ನಿಂತಿದ್ದೇನೆ, ಅವಳು ತಲೆಯೆತ್ತಿ, ಇಲ್ಲೊಂದು ಸಹಿ ಬಿಟ್ಟಿದ್ದೀಯ ನೋಡು, ಎಂದು ಹಾಳೆಯನ್ನು ಎತ್ತಿ ಹಿಡಿದಳು, ಅದರ ಅಂಚಿನಲ್ಲಿ ಆ ತೂತು, ಸಾಸಿವೆಯಷ್ಟು, ದುಂಡಗೆ, ಅದರೊಳಗಿಂದ ಬೆಳಕು ಬರುತ್ತಿದೆ.